ನಾಲಗೆಯ ನ್ಯಾಯಸ್ಥಾನ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಉಡುಗೆ ತೊಡುಗೆಯ ವಿಷಯದಲ್ಲಿ ನಾಲ್ಕು ಜನರ ಕಣ್ಣಿಗೆ ಅಂಜಬೇಕು. ಉಣ್ಣುವ ವಿಷಯದಲ್ಲಿ ಮಾತ್ರ ಯಾರ ಹಂಗೂ ಬೇಡ, ನಾಲಗೆಯೇ ದೊರೆ ಎಂಬುದು ಅದರ ತಾತ್ಪರ್ಯ. ಈ ಗಾದೆ ನಮಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ರುಚಿಯ ಬಗ್ಗೆ ಯಾರಾದರೂ ವಾದಕ್ಕೆ ನಿಂತೊಡನೆ ಇದನ್ನೇ ಮುಂದೆ ಮಾಡಿ ನಾವು ಜಾರಿಕೊಳ್ಳುತ್ತೇವೆ. ನನಗೆ ಹುಳಿ ಸೇರುತ್ತದೆ, ನಿಮಗೆ ಸಿಹಿ ಸೇರುತ್ತದೆ. ಇದರಲ್ಲಿ ತೀರ್ಪು ಹೇಳುವುದಕ್ಕೆ ಏನಿದೆ?

ಆದರೂ ನಾಲಗೆಗೆ ಒಂದು ನ್ಯಾಯಸ್ಥಾನವುಂಟು. ಕಾಫಿಯ ಬೀಜವನ್ನು ಹದವಾಗಿ ಹುರಿದು, ಪುಡಿಮಾಡಿ, ಸಾಲಾಗಿಟ್ಟ ಬಟ್ಟಲುಗಳಲ್ಲಿ ಬಿಸಿನೀರು ಹೊಯ್ದು, ಚಮಚದಿಂದ ಸೊರ್ರೆಂದು ಹೀರಿ, ಇದರ ಗುಣವೇನು, ದೋಷವೇನು ಎಂದು ವಿಂಗಡಿಸಿ ಹೇಳುವ ನಿಪುಣರು ನಮ್ಮ ಬೆಂಗಳೂರಿನಲ್ಲಿಯೇ ಇದ್ದಾರೆ. ಚಹಕ್ಕೂ ಅಂಥವರುಂಟು. ತಮಗೆ ಏನು ಸೇರುತ್ತದೆಂಬುದನ್ನು ಅವರು ಬದಿಗಿಟ್ಟು, ಬಟ್ಟಲಿನಲ್ಲಿ ಏನಿದೆಯೆಂಬುದನ್ನು ಹೇಳುತ್ತಾರೆ. ಈ ಎರಡರ ನಡುವೆ ಎಷ್ಟು ಅಂತರವಿದೆಯೆಂಬುದು ನನಗೆ ಮನದಟ್ಟಾದದ್ದು ಕಾಫಿಯಿಂದಲ್ಲ, ಚಹದಿಂದಲೂ ಅಲ್ಲ. ಬೇಸಗೆಯ ಒಂದು ಮಧ್ಯಾಹ್ನ, ಬವೇರಿಯದಲ್ಲಿ, ಮೇಜಿನ ಮೇಲಿಟ್ಟ ಮೂರು ಲೋಟ ಗೋಧಿಯ ಬಿಯರಿನಿಂದ.

ಬಿಯರೆಂಬ ಹೆಸರು ಕೇಳಿದೊಡನೆ ಪುಟ ತಿರುವಲು ಕೈಯೆತ್ತುವ ವಾಚಕರಿದ್ದಾರೆಂದು ಬಲ್ಲೆ. ಅವರು ಸ್ವಲ್ಪ ತಾಳಬೇಕು. ಇದು ಕುಡಿತದ ಪ್ರಶಂಸೆಯಲ್ಲ. ತೀರ್ಪು ಹೇಳಲು ಕುಳಿತವರು ಒಂದೊಂದು ಲೋಟದಿಂದ ಸೇವಿಸುವುದು ಎರಡು ಮೂರು ಗುಟುಕು ಮಾತ್ರ. ಅದಕ್ಕಿಂತ ಮುಂದೆ ಹೋದ ನಾಲಗೆ ಸಾಕ್ಷಿ ನುಡಿಯುವ ಅರ್ಹತೆಯನ್ನೇ ಕಳೆದುಕೊಳ್ಳುತ್ತದೆ. ಮೇಲಾಗಿ, ನಾನು ಹೇಳಲಿರುವ ಪ್ರಸಂಗದಲ್ಲಿ ಎಲ್ಲರಿಗಿಂತ ಚುರುಕಾಗಿ ಗುಣದೋಷವನ್ನು ಕಂಡುಹಿಡಿದವರು ಒಂದು ತೊಟ್ಟನ್ನೂ ತುಟಿಗೆ ತಾಗಿಸದವರು.

ಮೊದಲು ಈ ವಸ್ತುವಿನ ಪರಿಚಯವಾಗಬೇಕು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಎಳೆಯ ಮಕ್ಕಳಿಗೆ ಮಾಡಿ ಕುಡಿಸುವ ಮನೆಗಳಲ್ಲಿ ‘ಮಾಲ್ಟ್’ ಎಂಬ ಮಾತಿಗೆ ವಿವರಣೆ ಬೇಡ. ಬಾರ್ಲಿಯನ್ನು ಹಾಗೆಯೇ ಮೊಳೆಯಿಸಿ, ಬಿಸಿನೀರಿನಲ್ಲಿ ನೆನೆಸಿದರೆ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಸೇರಿಸಿದರೆ ಸಕ್ಕರೆ ಹುದುಗಿ ಬಿಯರಾಗುತ್ತದೆ. ಗೋಧಿಯ ಬಿಯರಿನಲ್ಲಿ ಬಾರ್ಲಿಯ ಜೊತೆಗೆ ಗೋಧಿಯ ಮಾಲ್ಟೂ ಸೇರುತ್ತದೆ. ಜರ್ಮನಿಯ ನಿಯಮದಂತೆ ಅದು ಒಟ್ಟು ಮಾಲ್ಟಿನ ಅರ್ಧಕ್ಕೆ ಕಡಿಮೆಯಿರಕೂಡದು. ಪೂರ್ತಿ ಗೋಧಿಯನ್ನೇ ಏಕೆ ಹಾಕುವುದಿಲ್ಲವೆಂದರೆ, ಗೋಧಿಗೆ ಹೊಟ್ಟಿನ ಹೊದಿಕೆಯಿಲ್ಲ. ಬಾರ್ಲಿಯ ಹೊಟ್ಟು ಸೋಸುವ ಜಾಲರಿಯಂತೆ ನೆರವಾಗದಿದ್ದರೆ ಎಲ್ಲವೂ ಅಂಟಾಗಿ ಕಟ್ಟಿಕೊಂಡು ನೀರಿಳಿಯುವುದೇ ಕಷ್ಟ. ಇದಕ್ಕೆ ಬಳಸುವ ಯೀಸ್ಟು ದೋಸೆಯ ಹಿಟ್ಟಿನ ಹಾಗೆ ಮೇಲಕ್ಕೆ ಉಕ್ಕಿ ಬರುವ ಜಾತಿಯದು. ಬೆಚ್ಚನೆಯ ಹವೆಯಲ್ಲಿ ಬೇಗ ಕೆಲಸ ಮಾಡುತ್ತದೆ. ಹೀಗೆ ತಯಾರಾದ ಬಿಯರು ಮಸುಕಾದ ಹೊಂಬಣ್ಣದ್ದು. ಕಹಿ ಕಡಿಮೆ, ಗುಳ್ಳೆ ಹೆಚ್ಚು, ನೊರೆ ದಟ್ಟ. ಬಿಸಿಲಿಗೆ ಬಳಲಿದವರಿಗೆ ಹಿತವಾದ್ದರಿಂದ ಇದು ಬೇಸಗೆಯ ಪಾನೀಯವೆಂದು ಹೆಸರಾಯಿತು.

ಇಂದು ಬವೇರಿಯದವರು ತಮ್ಮ ಹೆಮ್ಮೆಯೆಂದು ಎತ್ತಿ ತೋರಿಸುವ ಈ ಬಿಯರು ಒಂದು ಕಾಲದಲ್ಲಿ ಅಲ್ಲಿ ಬಿಯರೇ ಅಲ್ಲವೆಂಬ ತೀರ್ಪಿಗೆ ಗುರಿಯಾಗಿತ್ತು. 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್ ನಗರದಲ್ಲಿ ಬವೇರಿಯದ ದೊರೆಗಳು ಹೊರಡಿಸಿದ ಶಾಸನದಂತೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಈ ಮೂರನ್ನಲ್ಲದೆ ಬೇರೇನನ್ನೂ ಹಾಕುವಂತಿರಲಿಲ್ಲ. ಗೋಧಿ ರೊಟ್ಟಿ ಸುಡುವವರಿಗೆ ಉಳಿಯಲೆಂಬುದು ಇದರ ಒಂದು ಉದ್ದೇಶವೆಂದು ಹೇಳುವುದುಂಟು. ಆದರೆ 1548ರಲ್ಲಿ ಡೇಗೆನ್‌ಬರ್ಗ್ ಎಂಬ ಶ್ರೀಮಂತ ಮನೆತನಕ್ಕೆ ಗೋಧಿಯ ಬಿಯರ್ ತಯಾರಿಸುವ ವಿಶೇಷ ಹಕ್ಕು ದೊರೆಯಿತು. 1602ರಲ್ಲಿ ಆ ಮನೆತನ ಸಂತಾನವಿಲ್ಲದೆ ಕೊನೆಗೊಂಡಾಗ ಹಕ್ಕು ದೊರೆ ಮ್ಯಾಕ್ಸಿಮಿಲಿಯನ್ನನ ಕೈಸೇರಿತು. ಅವನು ಅದನ್ನು ಯಾರಿಗೂ ಬಿಟ್ಟುಕೊಡದೆ ತಾನೇ ತಯಾರಿಸಿ ಮಾರಿ ಬೊಕ್ಕಸ ತುಂಬಿಸಿದ. ಪ್ರಜೆಗಳ ಕೈಯಲ್ಲಿ ನಿಷಿದ್ಧವಾದದ್ದು ಅರಮನೆಯ ಕೈಯಲ್ಲಿ ಪವಿತ್ರವಾಯಿತು. ಕಾಲಾಂತರದಲ್ಲಿ ಜನ ಇದನ್ನು ಮರೆತು ಬೇರೆ ಬಿಯರುಗಳಿಗೆ ಒಲಿದರು. ಕಡೆಗೆ 1872ರಲ್ಲಿ ಗೆಯೋರ್ಗ್ ಷ್ನೈಡರ್ ಎಂಬಾತ ಎರಡನೆಯ ಲೂಡ್‌ವಿಗ್ ದೊರೆಯಿಂದ ಈ ಹಕ್ಕನ್ನು ಪಡೆದ ಮೇಲೆ ಗೋಧಿಯ ಬಿಯರಿಗೆ ಮರುಜನ್ಮ ಬಂದಿತು. ತೀರ್ಪುಗಳು ಹೇಗೆ ಹುಟ್ಟುತ್ತವೆ, ಹೇಗೆ ತಿರುಗುತ್ತವೆ ಎಂಬುದಕ್ಕೆ ಈ ಚರಿತ್ರೆಯೇ ಸಾಕು.

ಇದರ ಪರಿಮಳದ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಒಳ್ಳೆಯ ಗೋಧಿಯ ಬಿಯರನ್ನು ಮೂಗಿಗೆ ಹಿಡಿದರೆ ಎರಡು ವಾಸನೆಗಳು ಜೊತೆಯಾಗಿ ಬರಬೇಕು: ಒಂದು ಕಳಿತ ಬಾಳೆಹಣ್ಣಿನದು, ಇನ್ನೊಂದು ಲವಂಗದ್ದು. ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ. ಎರಡೂ ಯೀಸ್ಟಿನ ಕೈವಾಡ. ಬಾಳೆಯ ವಾಸನೆಗೆ ಕಾರಣವಾದ ಐಸೊಅಮೈಲ್ ಅಸಿಟೇಟ್ ಎಂಬ ವಸ್ತು ನಿಜವಾದ ಬಾಳೆಹಣ್ಣಿನಲ್ಲಿಯೂ ಇದೆ. ಲವಂಗದ ವಾಸನೆ ತರುವ ವಸ್ತು ಲವಂಗದೊಳಗಿನ ಯೂಜೆನಾಲಿಗೆ ಹತ್ತಿರದ ದಾಯಾದಿ. ಮಾಲ್ಟನ್ನು ನೀರಿನಲ್ಲಿ ಬಿಸಿಮಾಡುವಾಗ 45 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ತಡೆದು ನಿಲ್ಲಿಸಿದರೆ ಧಾನ್ಯದಿಂದ ಫೆರುಲಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅದನ್ನು ಯೀಸ್ಟು ಲವಂಗದ ಪರಿಮಳವಾಗಿ ಮಾರ್ಪಡಿಸುತ್ತದೆ. ಮುಂದೆ ಹುದುಗುವಾಗ ಹವೆ ಹೆಚ್ಚು ಬೆಚ್ಚಗಾದರೆ ಬಾಳೆಯೇ ಮೇಲುಗೈಯಾಗುತ್ತದೆ. ಎರಡನ್ನೂ ತಕ್ಕಡಿಯಲ್ಲಿ ಸಮನಾಗಿ ನಿಲ್ಲಿಸುವುದೇ ತಯಾರಕನ ಜಾಣ್ಮೆ.

ಕೆಲವು ವರ್ಷಗಳ ಹಿಂದೆ ಒಂದು ಜುಲೈ ತಿಂಗಳನ್ನು ಮ್ಯೂನಿಕ್ಕಿನಲ್ಲಿ ಕಳೆಯುವ ಅವಕಾಶ ನನಗೆ ಒದಗಿತು. ಅಕ್ಕ, ಭಾವ ಅಲ್ಲಿ ನೆಲೆಸಿ ಬಹುಕಾಲವಾಗಿದೆ. ಆ ಊರಿನ ಬಿಯರ್ ತೋಟಗಳನ್ನು ನೋಡಿದಾಗ ನನಗೆ ಮೊದಲು ಬೆರಗಾದದ್ದು ಅಲ್ಲಿ ನೆರೆದ ಸಂಸಾರಗಳು. ಚೆಸ್ಟ್‌ನಟ್ ಮರಗಳ ನೆರಳಿನಲ್ಲಿ ಉದ್ದನೆಯ ಬೆಂಚುಗಳು; ಅಜ್ಜಿ, ಸೊಸೆ, ಮೊಮ್ಮಕ್ಕಳು ಎಲ್ಲರೂ ಮನೆಯಿಂದ ತಂದ ಬುತ್ತಿಯನ್ನು ಬಿಚ್ಚಿ ಕುಳಿತಿದ್ದಾರೆ. 1812ರಲ್ಲಿ ಬವೇರಿಯದ ದೊರೆ ಬಿಯರ್ ತಯಾರಕರಿಗೆ ತಮ್ಮ ನೆಲಮಾಳಿಗೆಯ ಬಳಿ ಬಿಯರನ್ನೂ ರೊಟ್ಟಿಯನ್ನೂ ಮಾರಲು ಮಾತ್ರ ಅಪ್ಪಣೆ ಕೊಟ್ಟ. ಬೇರೆ ಆಹಾರ ಮಾರಕೂಡದೆಂದ. ಜನ ಬುತ್ತಿ ಕಟ್ಟಿಕೊಂಡು ಬಂದರು. ಆ ರೂಢಿ ಇಂದಿಗೂ ಉಳಿದಿದೆ.

ಭಾವನವರು ವೃತ್ತಿಯಿಂದ ಎಂಜಿನಿಯರು. ರಜೆಯ ದಿನಗಳಲ್ಲಿ ಮನೆಯ ನೆಲಮಾಳಿಗೆಯಲ್ಲಿ ಬಿಯರ್ ತಯಾರಿಸುವುದು ಅವರ ಹವ್ಯಾಸ. ಅಕ್ಕನಿಗೆ ಆ ಪಾತ್ರೆ ಪರಡಿಗಳನ್ನು ಕಂಡರೇ ಆಗದು. ಒಂದು ಭಾನುವಾರ ಮಧ್ಯಾಹ್ನ ಭಾವನವರು ತಮ್ಮಂಥ ಇಬ್ಬರು ಹವ್ಯಾಸಿಗಳನ್ನು ಮನೆಗೆ ಕರೆದಿದ್ದರು. ಒಬ್ಬರು ನೆರೆಮನೆಯ ನಿವೃತ್ತ ಅಧ್ಯಾಪಕಿ. ಇನ್ನೊಬ್ಬರು ಭಾವನವರ ಸಹೋದ್ಯೋಗಿ. ಮೂರು ಬಗೆಯ ಗೋಧಿಯ ಬಿಯರನ್ನು ಹೆಸರು ತಿಳಿಸದೆ ಮುಂದಿಡುವುದು. ಅತಿಥಿಗಳಿಬ್ಬರೂ ಮಾತಾಡದೆ ಅಂಕ ಬರೆಯುವುದು. ಆಮೇಲೆ ಹೋಲಿಸಿ ನೋಡುವುದು. ಭಾವನವರು ಬಡಿಸುವವರು, ಯಾವ ಲೋಟದಲ್ಲಿ ಏನಿದೆಯೆಂಬುದು ಅವರೊಬ್ಬರಿಗೇ ಗೊತ್ತು. ನನಗೂ ರುಚಿ ನೋಡುವ ಅವಕಾಶವಿತ್ತು. ಅಂಕ ಕೊಡುವ ಅಧಿಕಾರವಿರಲಿಲ್ಲ. ಅಕ್ಕ ತಂದಿಟ್ಟ ಕೋಡುಬಳೆಯ ತಟ್ಟೆಯನ್ನು ಭಾವನವರು ಕೂಡಲೇ ಒಳಕ್ಕೆ ಕಳುಹಿಸಿದರು. “ತೀರ್ಪು ಮುಗಿಯುವ ತನಕ ನೀರು, ಬರಿಯ ರೊಟ್ಟಿ, ಇಷ್ಟೇ. ಕೋಡುಬಳೆಯ ಖಾರ ತಾಗಿದ ನಾಲಗೆಗೆ ಇನ್ನು ಯಾವ ಲವಂಗ ಸಿಕ್ಕೀತು?” ಎಂದರು.

ಅವರ ಕೈಯಲ್ಲಿದ್ದ ಹಾಳೆ 1985ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಿಯರ್ ತೀರ್ಪುಗಾರರ ಪರೀಕ್ಷಾ ಸಂಸ್ಥೆಯದು. ಮನೆಯಲ್ಲಿ ಬಿಯರ್ ಮಾಡುವವರ ಸ್ಪರ್ಧೆಗಳಲ್ಲಿ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಒಟ್ಟು 50 ಅಂಕ. ಪರಿಮಳಕ್ಕೆ 12, ರೂಪಕ್ಕೆ 3, ರುಚಿಗೆ 20, ಬಾಯಿಗೆ ತಾಗುವ ಮೈಗುಣಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ‘ನನಗೆ ಹಿಡಿಸಿತು’ ಎಂಬ ಮಾತಿಗೆ ಎಡೆಯಿರುವುದು ಕಡೆಯ 10ರಲ್ಲಿ ಮಾತ್ರ, ಅದೂ ಪೂರ್ತಿಯಾಗಿ ಅಲ್ಲ. ನೋಡಲು ಚೆಲುವಾಗಿರುವುದಕ್ಕೆ 50ರಲ್ಲಿ ಬರಿಯ 3 ಅಂಕ! ಇತರ ವಿಷಯಗಳಲ್ಲಿಯೂ ಲೋಕ ಈ ಲೆಕ್ಕವನ್ನು ಪಾಲಿಸಿದರೆ ಎಷ್ಟು ಚೆನ್ನೆಂದುಕೊಂಡೆ.

ಬಿಯರು ಹೊಯ್ಯುವುದೂ ಒಂದು ವಿಧಿ. ನೀಳವಾದ ಗಾಜಿನ ಲೋಟವನ್ನು ತಣ್ಣೀರಿನಲ್ಲಿ ಜಾಲಿಸಿ, ಓರೆಯಾಗಿ ಹಿಡಿದು, ಮೆಲ್ಲಗೆ ಹೊಯ್ಯಬೇಕು. ಸೀಸೆಯಲ್ಲಿ ಸ್ವಲ್ಪ ಉಳಿದಾಗ ಅದನ್ನು ತಿರುಗಿಸಿ ತಳದಲ್ಲಿ ಕುಳಿತ ಯೀಸ್ಟಿನ ಗಸಿಯನ್ನು ಎಬ್ಬಿಸಿ, ಕಡೆಗೆ ಅದನ್ನೂ ನೊರೆಯ ಮೇಲೆ ಸುರಿಯಬೇಕು. ಬೇರೆ ಕಡೆ ದೋಷವೆನಿಸುವ ಕದಡು ಇಲ್ಲಿ ಲಕ್ಷಣ.

ಮೊದಲನೆಯ ಲೋಟವನ್ನು ಮೂಗಿಗೆ ತಂದೊಡನೆ ಅತಿಥಿಗಳಿಬ್ಬರ ಮುಖವೂ ಕಿವುಚಿಕೊಂಡಿತು. ತೇವ ಹಿಡಿದ ರಟ್ಟಿನ ವಾಸನೆ. ವರ್ಷಗಟ್ಟಲೆ ಬೆಚ್ಚನೆಯ ಜಾಗದಲ್ಲಿಟ್ಟು ಹಳತಾದ ಬಿಯರು. ಪರೀಕ್ಷೆಗೆಂದೇ ಭಾವನವರು ಅದನ್ನು ಇಟ್ಟುಕೊಂಡಿದ್ದರು. ಎರಡನೆಯದು ಬಾಳೆ, ಲವಂಗ, ರೊಟ್ಟಿಯ ತಿರುಳಿನ ಘಮ ಮೂರೂ ಹದವಾಗಿ ಕೂಡಿ ಬಂದದ್ದು. ಗುಟುಕರಿಸಿದ ಮೇಲೆ ಬಾಯಿ ಶುಭ್ರವಾಗುತ್ತಿತ್ತು. ಇಬ್ಬರೂ 40ರ ಮೇಲೆ ಅಂಕ ಕೊಟ್ಟರು.

ಮೂರನೆಯದು ಬಂದಾಗ ಪಡಸಾಲೆಗೆಲ್ಲ ಹಣ್ಣಿನ ಘಮ ಹರಡಿತು. ಏಲಕ್ಕಿ ಬಾಳೆಯ ತೆಳುವಾದ ಕಂಪಲ್ಲ. ಸಿಪ್ಪೆ ಕಪ್ಪಾಗುವಷ್ಟು ಕಳಿತ ಪಚ್ಚಬಾಳೆಯ ಗಾಢವಾದ ಘಮ. ರುಚಿಯೂ ಸಿಹಿ, ಮೃದು. ನನಗೆ ಬಹಳ ಹಿಡಿಸಿತು. ಸಹೋದ್ಯೋಗಿಯೂ ತಲೆದೂಗಿದರು. ಅಧ್ಯಾಪಕಿಯಂತೂ ಎರಡನೆಯ ಗುಟುಕಿಗೇ ನಸುನಕ್ಕರು. ಹಾಳೆಗಳನ್ನು ತಿರುಗಿಸಿ ನೋಡಿದರೆ ಸಹೋದ್ಯೋಗಿಯ ಅಂಕ 36, ಆಕೆಯದು 27! ತೀರ್ಪುಗಾರರ ನಡುವೆ 7 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕುಳಿತು ಮಾತಾಡಬೇಕೆಂಬುದು ಅವರ ಪದ್ಧತಿ.

“ನೀವು ನಕ್ಕಿರಲ್ಲ, ಹಿಡಿಸಲಿಲ್ಲವೆ?” ಎಂದರು ಸಹೋದ್ಯೋಗಿ.

“ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ” ಎಂದರು ಆಕೆ. “ಆದರೆ ಇದು ಗೋಧಿಯ ಬಿಯರೆಂದು ಹೆಸರು ಹೇಳಿಕೊಂಡು ಬಂದಿದೆ. ಆ ಹೆಸರಿಗೆ ಸಲ್ಲಬೇಕಾದದ್ದರಲ್ಲಿ ಅರ್ಧ ಮಾತ್ರ ಇದರಲ್ಲಿದೆ. ಉಳಿದರ್ಧ ಎಲ್ಲಿ?”

ಭಾವನವರಿಗೆ ಒಂದು ಉಪಾಯ ಹೊಳೆಯಿತು. ಅಡಿಗೆಮನೆಯಿಂದ ಅಕ್ಕನನ್ನು ಕರೆದು, “ಕುಡಿಯಬೇಡ, ಮೂಸಿ ನೋಡಿ ಹೇಳು, ಸಾಕು” ಎಂದರು. ಅಕ್ಕ ಸೆರಗನ್ನು ಮೂಗಿನಿಂದ ಸರಿಸಿ, ಎರಡನೆಯ ಲೋಟವನ್ನೊಮ್ಮೆ, ಮೂರನೆಯದನ್ನೊಮ್ಮೆ ದೂರದಿಂದಲೇ ಮೂಸಿದಳು. ನನ್ನ ಕಡೆ ತಿರುಗಿ, “ಅದರಲ್ಲಿ ಲವಂಗ ಇದೆ ಕಣೋ. ಇದು ಬರೀ ಬಾಳೆಹಣ್ಣಿನ ರಸಾಯನ!” ಎಂದು ಹೇಳಿ ಒಳಕ್ಕೆ ಹೊರಟುಹೋದಳು. ಭಾವನವರು ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ಹೇಳಿದಾಗ ಸಹೋದ್ಯೋಗಿ ಎರಡು ಲೋಟಗಳನ್ನೂ ಮತ್ತೆ ಮೂಸಿ, ಮರುಮಾತಿಲ್ಲದೆ ತಮ್ಮ 36ನ್ನು ಹೊಡೆದು 30 ಎಂದು ಬರೆದರು.

ಆಮೇಲೆ ಭಾವನವರು ಸೀಸೆಗಳ ಮೇಲಿನ ಬಟ್ಟೆಯನ್ನು ತೆಗೆದರು. ಮೂರನೆಯದು ಅಧ್ಯಾಪಕಿಯ ಮಗನೇ ಮಾಡಿದ ಬಿಯರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಮೌನದ ಅರ್ಥ ನನಗೆ ಆಮೇಲೆ ತಿಳಿಯಿತು. ಆ ಹುಡುಗ ಇದ್ದ ಕೆಲಸವನ್ನು ಬಿಟ್ಟು ಬಿಯರ್ ತಯಾರಿಕೆಯನ್ನೇ ವೃತ್ತಿಯಾಗಿ ಕೈಗೊಳ್ಳಬೇಕೆಂದಿದ್ದ. ತಾಯಿಗೆ ಅದು ಸಮ್ಮತವಿರಲಿಲ್ಲ. ಮುಂದಿನ ವಾರ ಇದೇ ಬಿಯರನ್ನು ಒಂದು ಸ್ಪರ್ಧೆಗೆ ಕಳುಹಿಸುವವನಿದ್ದ. ತಾಯಿ ಕೊಟ್ಟ 27 ಅಂಕ ಅವನ ಕಣ್ಣಿಗೆ ಬಿಯರಿನ ಮೇಲಿನ ತೀರ್ಪಾಗಿ ಕಾಣುವುದೆ, ತನ್ನ ಬಾಳಿನ ಮೇಲಿನ ತೀರ್ಪಾಗಿ ಕಾಣುವುದೆ?

“ಇದೇನು ಸ್ಪರ್ಧೆಯಲ್ಲವಲ್ಲ. ಬೇಕಾದರೆ ಈ ಹಾಳೆಯನ್ನು ಹರಿದುಹಾಕೋಣ” ಎಂದರು ಭಾವನವರು.

ಆಕೆ ಹಾಳೆಯನ್ನು ಹರಿಯಗೊಡಲಿಲ್ಲ, ಅಂಕವನ್ನೂ ತಿದ್ದಲಿಲ್ಲ. ಲೇಖನಿಯನ್ನು ಮತ್ತೆ ತೆಗೆದುಕೊಂಡು ಕೆಳಗೆ ಖಾಲಿಯಿದ್ದ ಜಾಗದಲ್ಲಿ ಬರೆದರು. ಭಾವನವರು ನನಗೆ ಅದನ್ನು ಓದಿ ಹೇಳಿದರು. ನೊರೆ ನಿರ್ದುಷ್ಟವಾಗಿದೆ, ಕದಡು ಸರಿಯಾಗಿದೆ, ಹಳತಾದ ವಾಸನೆಯ ಸುಳಿವೂ ಇಲ್ಲ, ಅಂದರೆ ಪಾತ್ರೆಗಳ ಶುದ್ಧಿಯಲ್ಲೂ ಸೀಸೆ ತುಂಬುವುದರಲ್ಲೂ ಶ್ರದ್ಧೆಯಿದೆ. ಬಾಳೆ ಮಿತಿಮೀರಿದೆ: ಬೇಸಗೆಯ ಸೆಕೆಯಲ್ಲಿ ಹುದುಗಿದೆ, 18 ಡಿಗ್ರಿಗೆ ಇಳಿಸು. ಲವಂಗವಿಲ್ಲ: ಮಾಲ್ಟನ್ನು 45 ಡಿಗ್ರಿಯಲ್ಲಿ ತಡೆದು ನಿಲ್ಲಿಸು. ಕಡೆಯಲ್ಲಿ ತಮ್ಮ ರುಜು.

ಸಂಜೆ ಹುಡುಗ ತಾಯಿಯನ್ನು ಕರೆದೊಯ್ಯಲು ಬಂದ. ನಿಂತಲ್ಲಿಯೇ ಹಾಳೆಯನ್ನು ಎರಡು ಸಲ ಓದಿದ. ರುಜುವನ್ನು ನೋಡಿದ. ಆಮೇಲೆ ತಾಯಿಯನ್ನು ಒಂದೇ ಪ್ರಶ್ನೆ ಕೇಳಿದ: “45 ಡಿಗ್ರಿಯಲ್ಲಿ ಎಷ್ಟು ನಿಮಿಷ?”

“ಹದಿನೈದು” ಎಂದರು ಆಕೆ. ಇಬ್ಬರೂ ಅದನ್ನೇ ಚರ್ಚಿಸುತ್ತ ಮೆಟ್ಟಲಿಳಿದು ಹೋದರು.

ಆ ಹಾಳೆಯನ್ನು ನಾನು ಅನೇಕ ಸಲ ನೆನೆದಿದ್ದೇನೆ. ಆಕೆ ‘ಬಹಳ ಚೆನ್ನಾಗಿದೆ’ ಎಂದು ಬರೆದಿದ್ದರೆ ಅದು ಪ್ರೀತಿಯಾಗುತ್ತಿತ್ತು, ಸತ್ಯವಾಗುತ್ತಿರಲಿಲ್ಲ. ಬರಿಯ 27 ಎಂದು ಬರೆದು ನಿಲ್ಲಿಸಿದ್ದರೆ ಸತ್ಯವಾಗುತ್ತಿತ್ತು. ಆದರೆ ಮಗನಿಗೆ ಅದು ಮುಚ್ಚಿದ ಬಾಗಿಲು. ಕೆಳಗೆ ಬರೆದ ನಾಲ್ಕು ಸಾಲುಗಳು ಎರಡನ್ನೂ ಉಳಿಸಿಕೊಂಡವು. ತೀರ್ಪು ಎಷ್ಟು ವಿವರವಾಗಿರುತ್ತದೆಯೋ ಅಷ್ಟು ದಯೆಯುಳ್ಳದ್ದಾಗಿರುತ್ತದೆ ಎಂದು ನನಗೆ ಅಂದು ತೋರಿತು.

ಹಾಗಾದರೆ ಲಕ್ಷಣಕ್ಕೆ ಹೊಂದದ್ದೆಲ್ಲ ಕೀಳೆ? ಬೆಲ್ಜಿಯಂ ದೇಶದಲ್ಲಿ ಹೂಗಾರ್ಡನ್ ಎಂಬ ಊರಿದೆ. ಅಲ್ಲಿಯ ಗೋಧಿಯ ಬಿಯರಿಗೆ ಕಿತ್ತಲೆಯ ಸಿಪ್ಪೆಯನ್ನೂ ನಮ್ಮ ಸಾರಿನ ಪುಡಿಗೆ ಬೀಳುವ ಕೊತ್ತಂಬರಿ ಬೀಜವನ್ನೂ ಹಾಕುತ್ತಾರೆ. 1950ರ ದಶಕದಲ್ಲಿ ಅದನ್ನು ತಯಾರಿಸುವ ಕಡೆಯ ಮನೆಯೂ ಮುಚ್ಚಿಹೋಯಿತು. ಅದೇ ಊರಿನಲ್ಲಿ ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್ ಎಂಬಾತ 1960ರ ದಶಕದಲ್ಲಿ ಅದಕ್ಕೆ ಮತ್ತೆ ಜೀವ ತುಂಬಿದ. ಇಂದು ಅದು ಲೋಕವಿಖ್ಯಾತ. 1516ರ ಬವೇರಿಯದ ಶಾಸನದ ಮುಂದೆ ಈ ಬಿಯರು ಅಪರಾಧಿ. ತನ್ನ ಸಾಲಿನಲ್ಲಿ ನಿಂತರೆ ಇದು ಉತ್ತಮ. ಆದ್ದರಿಂದ ತೀರ್ಪುಗಾರನು ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಏನಾಗಬೇಕೆಂದು ಹೊರಟಿತ್ತು?’ ಎಂಬುದು. ‘ಅದಾಯಿತೆ?’ ಎಂಬುದು ಎರಡನೆಯದು. ‘ನನಗೆ ಸೇರಿತೆ?’ ಎಂಬುದು ಮೂರನೆಯದು. ನಾವು ಸಾಮಾನ್ಯವಾಗಿ ಮೂರನೆಯದರಿಂದ ಆರಂಭಿಸಿ ಅಲ್ಲಿಯೇ ಮುಗಿಸುತ್ತೇವೆ. ಕೊತ್ತಂಬರಿಯ ಬಿಯರಿನಲ್ಲಿ ಬಾಳೆಯಿಲ್ಲವೆಂದು ದೂರುವವರೂ, ತಿಳಿಸಾರು ಹುಳಿಯಷ್ಟು ಗಟ್ಟಿಯಿಲ್ಲವೆಂದು ಮುಖ ಸಿಂಡರಿಸುವವರೂ ಒಂದೇ ಜಾತಿ.

ಬಿಯರಿನ ಗೊಡವೆ ಬೇಡವೆನ್ನುವ ಮನೆಗಳಿಗೂ ಈ ನ್ಯಾಯ ಅನ್ವಯಿಸುತ್ತದೆ. ನಮ್ಮ ಊಟದ ಮನೆಯಲ್ಲಿ ತೀರ್ಪಿಗೆಂದು ಇರುವುದು ಎರಡೇ ಮಾತು: ‘ಚೆನ್ನಾಗಿದೆ’, ‘ಪರವಾಗಿಲ್ಲ’. ಮೊದಲನೆಯದನ್ನು ತಟ್ಟೆ ನೋಡದೆಯೂ ಹೇಳಬಹುದು. ಎರಡನೆಯದನ್ನು ಕೇಳಿದ ಗೃಹಿಣಿಗೆ ಏನನ್ನು ತಿದ್ದಿಕೊಳ್ಳಬೇಕೆಂಬುದು ತಿಳಿಯದು. ‘ಇಂದಿನ ಸಾರಿನಲ್ಲಿ ಮೆಣಸು ಮುಂದಾಗಿದೆ, ಇಂಗು ಸರಿಯಾಗಿದೆ, ಒಗ್ಗರಣೆ ಒಂದು ಕ್ಷಣ ಹೆಚ್ಚು ಸೀದಿದೆ’ ಎಂದು ವಿವರವಾಗಿ ಹೇಳುವವನು ಗಮನವಿಟ್ಟು ಉಂಡಿದ್ದಾನೆಂದು ಅರ್ಥ. ಅಡಿಗೆ ಮಾಡಿದವರಿಗೆ ಸಲ್ಲುವ ಮರ್ಯಾದೆ ಆ ಗಮನವೇ.

ಆದರೆ ಒಂದು ಎಚ್ಚರಿಕೆ. ಆ ಅಧ್ಯಾಪಕಿ ಕೊರತೆಗಳನ್ನು ಬರೆಯುವುದಕ್ಕೆ ಮೊದಲು ನೊರೆಯನ್ನೂ ಶ್ರದ್ಧೆಯನ್ನೂ ಮೆಚ್ಚಿ ಬರೆದಿದ್ದರೆಂಬುದನ್ನು ಮರೆಯಬಾರದು. ಈ ಅನುಕ್ರಮವನ್ನು ತಪ್ಪಿಸಿ, ಒಗ್ಗರಣೆಯ ವಿಷಯವನ್ನೇ ಮೊದಲು ಎತ್ತುವ ಗಂಡಸರಿಗೆ ಮರುದಿನದ ಅಡಿಗೆಯ ಬಗ್ಗೆ ಯಾವ ನ್ಯಾಯಸ್ಥಾನವೂ ರಕ್ಷಣೆ ಕೊಡಲಾರದು.